ಮೀನಿನ ಗಾಳ ಮುಳುಗಿಸುವ ತೂಕಕ್ಕೆಂದು ತಾರಸಿಯಲ್ಲಿ ಸೀಸ ಕರಗಿಸುವವರಿಗೆ

ಕಳೆದ ಮಳೆಗಾಲ, ಬೆಂಗಳೂರಿನ ಒಂದು ತಾರಸಿ. ಒಲೆ ಮೇಲೆ ಬಾಂಡ್ಲಿ, ಅದರಲ್ಲಿ ಕರಗಿದ ಸೀಸ. ಸಾಲದು ಅಂತ ಪಂಚರ್ ಅಂಗಡಿಯಿಂದ ತಂದ ಚಕ್ರದ ತೂಕಗಳನ್ನು (ಗಾಡಿಯ ಚಕ್ರ ಅದುರದಂತೆ ರಿಮ್ಮಿಗೆ ಸಿಕ್ಕಿಸುವ ಲೋಹದ ತುಂಡುಗಳು) ಇನ್ನೊಂದು ಹಿಡಿ ಹಾಕಿದ್ದೇ ತಡ, ಬಾಂಡ್ಲಿಯಲ್ಲಿದ್ದದ್ದೆಲ್ಲ ಮೇಲಕ್ಕೆ ಚಿಮ್ಮಿತು. ಹಾಕಿದವರ ಮುಂಗೈ, ಕತ್ತು ಸುಟ್ಟವು. ಕನ್ನಡಕ ಇದ್ದದ್ದರಿಂದ ಕಣ್ಣು ಉಳಿಯಿತು.

ಕಾರಣ ಒಂದೆರಡು ಹನಿ ನೀರು, ಅಷ್ಟೇ. ತೂಕದ ಕ್ಲಿಪ್ ಸಂದಿಯಲ್ಲಿ ತೇವ ಕೂತಿರುತ್ತದೆ, ಹೊರಗೆ ಒಣಗಿದ ಹಾಗೇ ಕಾಣುತ್ತದೆ. ಸೀಸ ಕರಗುವುದು 327 ಡಿಗ್ರಿಗೆ. ಆ ಬಿಸಿಯಲ್ಲಿ ಮುಳುಗಿದ ನೀರು ಕ್ಷಣದಲ್ಲಿ ಸಾವಿರಾರು ಪಟ್ಟು ಹಿಗ್ಗಿ ಆವಿಯಾಗುತ್ತದೆ, ಮೇಲಿರುವ ಸೀಸವನ್ನು ಎತ್ತಿ ಎಸೆಯುತ್ತದೆ. ಹಾಗಾಗಿ ಹಾಕುವುದಿದ್ದರೆ ಎಲ್ಲವನ್ನೂ ತಣ್ಣಗಿನ ಬಾಂಡ್ಲಿಗೇ ಹಾಕಿ, ಆಮೇಲೆ ಒಲೆ ಹಚ್ಚಬೇಕು. ಕರಗಿದ್ದಕ್ಕೆ ಮತ್ತೆ ಏನನ್ನೂ ಸೇರಿಸಬಾರದು.

ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚಿನದ್ದೂ ಇದೇ ಕಥೆ. ಬಿಸಿಲಿಗೆ ನಾಲ್ಕು ದಿನ ಇಟ್ಟರೆ ಒಣಗಿತು ಅಂದುಕೊಳ್ಳುತ್ತಾರೆ. ಗಟ್ಟಿಯಾದ ಪ್ಲಾಸ್ಟರಿನ ತೂಕದಲ್ಲಿ ಸುಮಾರು 21 ಶೇಕಡಾ ನೀರೇ; ಅದು ಅದರ ರಚನೆಯೊಳಗೇ ಬೆಸೆದುಕೊಂಡಿರುತ್ತದೆ, ಬಿಸಿಲಿಗೆ ಹೋಗುವುದಿಲ್ಲ. ಅಲ್ಯೂಮಿನಿಯಂ ಅಚ್ಚು ತಂದು, ಬೆಂಕಿಯ ಹತ್ತಿರ ಹಿಡಿದು ಬೆಚ್ಚಗೆ ಮಾಡಿಕೊಂಡು ಹೊಯ್ಯುವುದು ವಾಸಿ.

ಚಕ್ರದ ತೂಕವೆಲ್ಲ ಸೀಸವೂ ಅಲ್ಲ. ಈಗ ಸತುವಿನವು, ಕಬ್ಬಿಣದವು ಬೆರೆತು ಬರುತ್ತವೆ. ಕಬ್ಬಿಣ ತೇಲುತ್ತದೆ, ತೆಗೆದು ಬಿಸಾಡಬಹುದು. ಸತು 420 ಡಿಗ್ರಿ ಹತ್ತಿರ ಕರಗಿ ಸೇರಿಕೊಂಡರೆ ಇಡೀ ಬಾಂಡ್ಲಿ ಗಂಜಿಯಂತಾಗಿ ಅಚ್ಚು ತುಂಬುವುದೇ ಇಲ್ಲ. ಥರ್ಮಾಮೀಟರ್ ಇಲ್ಲದೆ ಉರಿ ಜೋರು ಮಾಡುವವರಿಗೆ ಆಗುವುದು ಇದೇ.

ಹಳೇ ಬ್ಯಾಟರಿ ಪ್ಲೇಟನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಆಮ್ಲ ಇರುತ್ತದೆ, ಸೀಸದ ಜೊತೆ ಆಂಟಿಮನಿ, ಕ್ಯಾಲ್ಸಿಯಂ, ಆರ್ಸೆನಿಕ್ ಬೆರೆತಿರಬಹುದು. ಕರಗಿಸಿದಾಗ ಮೇಲೆ ಬರುವ ಕಿಟ್ಟಕ್ಕೆ ತೇವ ತಗುಲಿದರೆ ಆರ್ಸೀನ್, ಸ್ಟಿಬೀನ್ ಅನಿಲ ಹುಟ್ಟಬಹುದು. ಇವು ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರವೂ ಅದು ಗುಜರಿಗೆ ಹೋಗುವ ವಸ್ತುವಲ್ಲ. ಹೊಸದು ಕೊಳ್ಳುವಾಗ ಅಂಗಡಿಗೇ ಕೊಟ್ಟರೆ ಸಾಮಾನ್ಯವಾಗಿ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ಸುಟ್ಟ ಗಾಯವಾದರೂ ಕಣ್ಣಿಗೆ ಕಾಣುತ್ತದೆ. ಹೊಗೆಗೆ ಹೆದರುವವರು ಪುಡಿಗೆ ಹೆದರುವುದಿಲ್ಲ, ದೊಡ್ಡ ತಪ್ಪು ಅಲ್ಲೇ. ಕಿಟ್ಟದ ಬೂದು ಪುಡಿ ಬಹುಪಾಲು ಸೀಸದ ಆಕ್ಸೈಡು. ಪೊರಕೆ ಹಾಕಿದರೆ ಎದ್ದು, ಒಣಹಾಕಿದ ಬಟ್ಟೆ ಮೇಲೆ, ಹಪ್ಪಳದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಬಟ್ಟೆ ಮಾಸ್ಕ್ ಇದನ್ನು ತಡೆಯುವುದಿಲ್ಲ. ಕಿಟ್ಟವನ್ನು ಪೂರ್ತಿ ಆರಿಸಿ ಮುಚ್ಚಳದ ಡಬ್ಬಿಗೆ ಹಾಕಿ, ಆಮೇಲೆ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಆ ಬಾಂಡ್ಲಿ, ಸವುಟು ಮತ್ತೆ ಅಡುಗೆಮನೆಗೆ ಬರಕೂಡದು.

ಈಗಾಗಲೇ ವರ್ಷಗಟ್ಟಲೆ ಹೊಯ್ದವರು ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ, ಮನೆಯ ಮಕ್ಕಳಿಗೂ ಮಾಡಿಸಿ. ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಸೀಸ ರಕ್ತದಲ್ಲಿ ಅರ್ಧಕ್ಕಿಳಿಯಲು ತಿಂಗಳು ಸಾಕು. ಮೂಳೆಗೆ ಸೇರಿದ್ದು ದಶಕಗಟ್ಟಲೆ ಕೂರುತ್ತದೆ.

ಇಷ್ಟಕ್ಕೂ ಗಾಳ ಮುಳುಗಬೇಕು, ಅಷ್ಟೇ ತಾನೆ? ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ನಟ್ಟು ಕಟ್ಟಿ. ಅಷ್ಟೇ ತೂಕಕ್ಕೆ ಕಬ್ಬಿಣದ ಗಾತ್ರ ಸೀಸದ ಸುಮಾರು ಒಂದೂವರೆ ಪಟ್ಟು ಇರುತ್ತದೆ, ಮೀನೇನೂ ತಕರಾರು ಮಾಡುವುದಿಲ್ಲ.