ಕಸೂತಿಯ ಕೆಂಪು ಬಣ್ಣಕ್ಕಾಗಿ ಹಳೆಯ ಟ್ಯೂಬ್‌ಲೈಟ್ ಫಿಟ್ಟಿಂಗ್

ಧಾರವಾಡದಲ್ಲಿ ಕಸೂತಿ ಸೀರೆಗಳ ಫೋಟೊ ತೆಗೆದುಕೊಡುವ ನಾನು ಬೆಳಕಿನಿಂದ ಮುಖ್ಯವಾಗಿ ಬಯಸುವುದು ಒಂದನ್ನೇ: ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಮೂಡಿದ ಕೆಂಪು ದಾರ ಫೋಟೊದಲ್ಲಿಯೂ ಕೆಂಪಾಗಿಯೇ ಕಾಣಬೇಕು. ಕಚೇರಿಯೊಂದು ಎಲ್‌ಇಡಿಗೆ ಬದಲಾದಾಗ ಗುಜರಿ ಸೇರಿದ್ದ, ನಾಲ್ಕು ಅಡಿಯ ನಾಲ್ಕು ಟ್ಯೂಬ್ ಹಿಡಿಯುವ ಎರಡು ಫಿಟ್ಟಿಂಗ್‌ಗಳನ್ನು ಮಾರ್ಪಡಿಸಿಕೊಂಡು ಕೆಲವು ವರ್ಷಗಳಿಂದ ಈ ಕೆಲಸಕ್ಕೆ ಬಳಸುತ್ತಿದ್ದೇನೆ.

ಮಾರ್ಪಾಡು ಸರಳವಾದುದು. ಹಳೆಯ ಚೋಕ್‌ನಲ್ಲಿ ಟ್ಯೂಬಿನ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುವುದರಿಂದ, ಶಟರ್ ವೇಗ ಹೆಚ್ಚಿಸಿದರೆ ಒಂದು ಫೋಟೊ ಕಂದಿ ಮತ್ತೊಂದು ಬೆಳ್ಳಗಾಗುತ್ತದೆ. ಪರಿಚಯದ ಎಲೆಕ್ಟ್ರಿಷಿಯನ್ ಆ ಚೋಕನ್ನೂ ಸ್ಟಾರ್ಟರನ್ನೂ ತೆಗೆದು ಎಲೆಕ್ಟ್ರಾನಿಕ್ ಚೋಕ್ ಹಾಕಿ, ತಗಡಿನ ಮೈಗೆ ತಪ್ಪದೆ ಅರ್ಥಿಂಗ್ ಕೊಟ್ಟರು. ಆದರೆ ನಿಜವಾದ ವ್ಯತ್ಯಾಸ ತಂದದ್ದು ಟ್ಯೂಬ್. ಒಳಗಿನ ಪಾದರಸದಿಂದ ಬರುವ ಹಸಿರು ಬೆಳಕು ಮುಂದಾಗಿ ಕಡುಗೆಂಪು ಹಿಂದೆ ಬೀಳುವ ಸಾಮಾನ್ಯ ಟ್ಯೂಬಿನಡಿ ಕಸೂತಿಯ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. 965 ಎಂಬ ಸಂಖ್ಯೆಯ ಟ್ಯೂಬ್ ಹಾಕಿದ ಮೇಲೆ ಸೀರೆಯನ್ನೂ ಫೋಟೊ ಇರುವ ಪರದೆಯನ್ನೂ ಅಕ್ಕಪಕ್ಕ ಹಿಡಿದರೂ ಬಣ್ಣದಲ್ಲಿ ಬೇಸರವಾಗುವಷ್ಟು ಅಂತರವಿಲ್ಲ. ಅದರಲ್ಲಿ 9 ಎಂದರೆ ಬೆಳಕು ಬಣ್ಣವನ್ನು ಎಷ್ಟು ನಿಜವಾಗಿ ತೋರುತ್ತದೆಂಬ ಸೂಚ್ಯಂಕ (ಗರಿಷ್ಠ 100) 90ಕ್ಕೂ ಮೇಲೆ, 65 ಎಂದರೆ 6500 ಕೆಲ್ವಿನ್, ಅಂದರೆ ಹಗಲಿನ ಬೆಳಕಿನಂಥ ಬಿಳುಪು.

ಬೆಳಗ್ಗೆ ಕಿಟಕಿ ಮುಚ್ಚಿ, ಕೋಣೆಯ ಬಲ್ಬ್ ಆರಿಸಿ, ಟ್ಯೂಬುಗಳ ಮೇಲಿನ ಧೂಳು ಒರೆಸಿ ಸ್ವಿಚ್ ಹಾಕುತ್ತೇನೆ. ಅವು ಪೂರ್ಣ ಬೆಳಕಿಗೆ ಬರಲು ಕೆಲವು ನಿಮಿಷ ಬೇಕಾಗುವುದರಿಂದ, ಅಷ್ಟರಲ್ಲಿ ಸೆರಗಿನ ಮಡಿಕೆ ಬಿಡಿಸಿ, ಬಿಳಿಯ ಕಾರ್ಡ್ ಇಟ್ಟು, ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಹೊಂದಿಸಲು ಅಣಿಯಾಗುತ್ತೇನೆ. ಉದ್ದನೆಯ ಟ್ಯೂಬಿನ ಮೆದುವಾದ ಬೆಳಕು ಒಂದು ಬದಿಯಿಂದ ಓರೆಯಾಗಿ ಬಿದ್ದಾಗ ಕಸೂತಿಯ ಬಗೆಗಳಲ್ಲೊಂದಾದ ಗವಂತಿಯ ಒಂದೊಂದು ಹೊಲಿಗೆಯೂ ಬಟ್ಟೆಯಿಂದ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ, ಎಲ್ಲಿಯೂ ಗಡಸು ನೆರಳಿಲ್ಲ. ಹ್ಯಾಲೊಜೆನ್ ದೀಪದ ಕಾವಿನಲ್ಲಿ ಬೆವರುತ್ತಾ ರೇಷ್ಮೆ ಮುಟ್ಟಲು ಅಂಜುತ್ತಿದ್ದ ನನಗೆ ಇದು ಬಯಸದೇ ಬಂದ ಸುಖ.

ಈಗೀಗ ಮಾತ್ರ ಈ ಸಮಾಧಾನಕ್ಕೆ ಕುತ್ತು ಬಂದಿದೆ. ಒಂದು ಟ್ಯೂಬ್ ಹೋದರೆ ಅದೊಂದನ್ನೇ ಬದಲಿಸುವಂತಿಲ್ಲ, ಹಳೆಯವುಗಳ ಜೊತೆ ಹೊಸದರ ಬಣ್ಣ ಕೂಡುವುದಿಲ್ಲ. ಆ ಫಿಟ್ಟಿಂಗ್‌ನ ನಾಲ್ಕನ್ನೂ ಬದಲಿಸೋಣವೆಂದರೆ ಹುಬ್ಬಳ್ಳಿಯ ಅಂಗಡಿಗಳಲ್ಲಿ 965 ಕೇಳಿದರೆ ಎಲ್‌ಇಡಿ ಟ್ಯೂಬ್ ಮುಂದಿಡುತ್ತಾರೆ. ನಾನು ಹಾಕಿ ನೋಡಿದ ಅಗ್ಗದ ಎಲ್‌ಇಡಿ ಟ್ಯೂಬುಗಳಲ್ಲಿ ಕೆಂಪು ಮತ್ತೆ ಮಂಕಾಯಿತು. ತೀರಿದ ಟ್ಯೂಬಿನಲ್ಲಿ ಪಾದರಸವಿರುವುದರಿಂದ ಅದನ್ನು ಒಡೆದು ಕಸಕ್ಕೆ ಹಾಕುವಂತೆಯೂ ಇಲ್ಲ.

ನನ್ನ ಬಳಿ ಇನ್ನೂ ಒಮ್ಮೆ ಬದಲಿಸಲು ಸಾಕಾಗುವಷ್ಟು ಟ್ಯೂಬುಗಳಿವೆ, ಅವು ಮುಗಿಯುವವರೆಗೆ ಈ ಫಿಟ್ಟಿಂಗ್‌ಗಳನ್ನು ಬಿಡುವುದಿಲ್ಲ. ಆದರೆ ಹೊಸದಾಗಿ ಆರಂಭಿಸುವವರು ಗುಜರಿಯಲ್ಲಿ ಫಿಟ್ಟಿಂಗ್ ಹುಡುಕುವ ಮೊದಲು ಟ್ಯೂಬ್ ಸಿಗುವುದನ್ನು ಖಚಿತಪಡಿಸಿಕೊಳ್ಳಬೇಕು. ಸಿಗದಿದ್ದರೆ ಅದೇ ಹಣಕ್ಕೆ ಇನ್ನಷ್ಟು ಸೇರಿಸಿ, ಸೂಚ್ಯಂಕ 95ಕ್ಕೂ ಮೇಲಿರುವ ಎಲ್‌ಇಡಿ ಪ್ಯಾನೆಲ್ ಕೊಳ್ಳುವುದು ಒಳ್ಳೆಯದು.