ನೆದರ್ಲೆಂಡ್ಸ್‌ನ ಐಂಡ್‌ಹೋವನ್ನಿನಲ್ಲಿ ಅಗ್ಗದ ಇ-ಬೈಕ್: 25ರ ಮಿತಿ ಸರಿ, ಈ ಸೆನ್ಸರ್ ಬೇಡಪ್ಪ

ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಈ ಬೈಕಿಗೆ (ಅಂದ್ರೆ ಮೋಟಾರ್ ಇರೋ ಸೈಕಲ್ಲಿಗೆ) ನನ್ನ ಕೈಯಲ್ಲಿ ಇದು ಎರಡನೇ ಚಳಿಗಾಲ. ರೇಂಜು, ಗೇರು ಇತ್ಯಾದಿ ಅಂಗಡಿಯವರ ಪುಟದಲ್ಲೇ ಇರುತ್ತೆ, ಬಿಡಿ.

ಶುರುವಿನಲ್ಲಿ ಸಿಟ್ಟು ಬರ್ತಿದ್ದದ್ದು ಗಂಟೆಗೆ 25 ಕಿ.ಮೀ. ವೇಗ ಮುಟ್ಟಿದ ತಕ್ಷಣ ಮೋಟಾರ್ ಕೈಕೊಡುತ್ತಲ್ಲ, ಅದಕ್ಕೆ. ಯುರೋಪಿನ ನಿಯಮವೇ ಹಾಗೆ: 250 ವ್ಯಾಟ್, ತುಳಿದರಷ್ಟೇ ನೆರವು, 25ಕ್ಕೆ ಬಂದ್. ಇನ್ನೂ ಜೋರಾಗಿ ಹೋಗಬೇಕಂದ್ರೆ 45ರವರೆಗೆ ಹೋಗೋ ‘ಸ್ಪೀಡ್ ಪೆಡೆಲೆಕ್’ ಅನ್ನೋ ಇ-ಬೈಕ್ ಇದೆ. ಅದಕ್ಕೆ ಹಳದಿ ನಂಬರ್ ಪ್ಲೇಟು, ಹೆಲ್ಮೆಟ್ಟು, ವಿಮೆ ಎಲ್ಲ ಬೇಕು. ಇಷ್ಟೆಲ್ಲ ಮಾಡಿದರೂ ಮಾಮೂಲಿ ಫೀಟ್ಸ್‌ಪಾಡ್‌ಗೆ (ಸೈಕಲ್ ದಾರಿಗೆ) ಸಾಧಾರಣವಾಗಿ ಬಿಡಲ್ಲ.

ಆ ಸಿಟ್ಟು ಈಗ ಇಳಿದಿದೆ. ಬೆಳಿಗ್ಗೆ ಪಕ್ಕದೂರು ಫೆಲ್ಡ್‌ಹೋವನ್ ಕಡೆ ಹೊರಟರೆ ಮುಂದೆ ಸಿಗೋರು ಹರಟೆ ಹೊಡೀತಾ ಅಕ್ಕಪಕ್ಕ ಹೋಗೋ ಶಾಲೆ ಮಕ್ಕಳು, ಬಾಕ್‌ಫೀಟ್ಸ್ ಅನ್ನೋ ಪೆಟ್ಟಿಗೆ ಸೈಕಲ್ಲಿನಲ್ಲಿ ಕೂಸು ಕೂರಿಸಿಕೊಂಡ ಅಮ್ಮಂದಿರು, ನೆಟ್ಟಗೆ ಕೂತು ನಿಧಾನ ತುಳಿಯೋ ಅಜ್ಜಿಯರು. 18ರಲ್ಲಿ ಹೋಗೋ ಸೈಕಲ್ 25ಕ್ಕೆ ಏರಿದರೆ ಡಿಕ್ಕಿಯ ಶಕ್ತಿ ಹೆಚ್ಚುಕಮ್ಮಿ ಇಮ್ಮಡಿ. ಬೈಕಿನ ಭಾರ ಬೇರೆ. ಥ್ರಾಟಲ್ ತಿರುಚಿಕೊಂಡು, ತುಳಿಯದೇ ನುಗ್ಗೋ ಫ್ಯಾಟ್‌ಬೈಕ್ (ದಪ್ಪ ಟೈರಿನ ಇ-ಬೈಕ್) ಹುಡುಗರನ್ನ ಕಂಡರೆ ನನಗೂ ಅಜ್ಜಿಯರಷ್ಟೇ ಕೋಪ.

ನನ್ನ ಬೈಕಿನ ನಿಜವಾದ ಐಬು ಕೇಡೆನ್ಸ್ ಸೆನ್ಸರ್. ಎಷ್ಟು ಬಲ ಹಾಕಿ ತುಳಿದಿರಿ ಅನ್ನೋದು ಅದಕ್ಕೆ ಬೇಕಿಲ್ಲ, ಪೆಡಲ್ ತಿರುಗಿದರೆ ಸಾಕು. ಸಿಗ್ನಲ್ಲಿನಲ್ಲಿ ಹೊರಟಾಗ ಅರ್ಧ ಸುತ್ತು ಸುಮ್ಮನಿದ್ದು ಆಮೇಲೆ ದಬ್ಬುತ್ತೆ. ತುಳಿಯೋದು ನಿಲ್ಲಿಸಿದರೂ ಒಂದು ಕ್ಷಣ ದಬ್ಬುತ್ತಲೇ ಇರುತ್ತೆ. ಖಾಲಿ ದಾರಿಯಲ್ಲಿ ಇದು ಗೊತ್ತೇ ಆಗಲ್ಲ. ಮುಂದಿನ ಹುಡುಗಿ ಗಕ್ಕನೆ ನಿಂತಾಗ ಆ ಒಂದು ಕ್ಷಣ ಎಷ್ಟು ಉದ್ದ ಅಂತ ತಿಳಿಯುತ್ತೆ. ಮೋಟಾರ್ ಇರೋದು ಮುಂದಿನ ಚಕ್ರದಲ್ಲಿ, ಹಾಗಾಗಿ ಒದ್ದೆ ಎಲೆ ಮೇಲೆ ತಿರುಗುವಾಗ ಜಾರುತ್ತೆ ಕೂಡ.

ನಾನು ಕಂಡುಕೊಂಡ ಉಪಾಯ: ಜನ ಇದ್ದಲ್ಲೆಲ್ಲ ಬ್ರೇಕ್ ಲಿವರ್ ಮೇಲೆ ಎರಡು ಬೆರಳು. ಸ್ವಲ್ಪ ಒತ್ತಿದರೆ ಬ್ರೇಕ್ ಹಿಡಿಯೋ ಮೊದಲೇ ಮೋಟಾರ್ ಕಟ್ ಆಗುತ್ತೆ. ಅಸಿಸ್ಟ್, ಅಂದ್ರೆ ಮೋಟಾರಿನ ನೆರವು, ಒಂದನೇ ಹಂತದಲ್ಲೇ ಇರಲಿ. ಎಡಗಡೆಯಿಂದ ಓವರ್‌ಟೇಕ್ ಮಾಡೋ ಮೊದಲು ಒಂದು ಸಲ ಬೆಲ್.

ಇಷ್ಟೆಲ್ಲ ಬೈದರೂ ಹೋವನ್‌ರಿಂಗ್ ಸೇತುವೆಯ ಏರಿನಲ್ಲಿ ಎದುರುಗಾಳಿ ಹೊಡೆಯುವಾಗ ಈ ಬೈಕ್ ಮೇಲೆ ಪ್ರೀತಿ ಉಕ್ಕುತ್ತೆ. 2012ರಲ್ಲಿ ತೆರೆದ ಆ ತೂಗುವೃತ್ತದ ಮೇಲೆ ಬರೀ ಸೈಕಲ್ಲಿನವರು ಮತ್ತು ನಡೆಯೋರು, ಕೆಳಗೆ ಕಾರುಗಳು. ಸಂಜೆ ಬ್ಯಾಟರಿ ಬಿಚ್ಚಿ ಬಗಲಲ್ಲಿಟ್ಟು ಮೂರನೇ ಮಹಡಿ ಹತ್ತಿ, ಅದರ ತಣ್ಣಗಿನ ಮೈ ಕೋಣೆಯ ಬಿಸಿಗೆ ಬರೋವರೆಗೆ ಕಾಫಿ ಕುಡಿದು ಆಮೇಲೆ ಚಾರ್ಜಿಗೆ ಹಾಕ್ತೀನಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಸೆಲ್ ಹಾಳು.

ನನ್ನ ಬಜೆಟ್ಟಿಗೆ ಐದರಲ್ಲಿ ಮೂರು ಸ್ಟಾರ್. ಇನ್ನೊಂದಿಷ್ಟು ಕೈಬಿಚ್ಚೋಕೆ ಆದರೆ ತುಳಿಯೋ ಬಲವನ್ನ ಅಳೆಯೋ ಟಾರ್ಕ್ ಸೆನ್ಸರ್ ಇರೋದೇ ತಗೊಳ್ಳಿ. ಟೆಸ್ಟ್ ರೈಡ್‌ಗೆ ಖಾಲಿ ರಸ್ತೆ ಬೇಡ, ಶಾಲೆ ಬಿಡೋ ಹೊತ್ತಿಗೆ ಹೋಗಿ.