ಸೇಂಟ್ ಪಾಲ್ಸ್‌ನಲ್ಲಿ ಹಾಡಬೇಕೆಂದರೆ ಗುಮ್ಮಟದ ಕೆಳಗೇ ಕೂರಿ

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲನ್ನು ನೋಡಲು ಹೋದರೆ ಟಿಕೆಟ್ ಕೊಳ್ಳಬೇಕು, ಅದೇನೂ ಅಗ್ಗವಲ್ಲ. ಆರಾಧನೆಗೆ ಹೋದರೆ ಕಾಸು ಕೊಡಬೇಕಿಲ್ಲ. ಕ್ರೈಸ್ತರಾಗಿರಬೇಕು ಎಂಬ ನಿಯಮವೂ ಇಲ್ಲ. ಸಂಗೀತಕ್ಕಾಗಿಯೇ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಹಾರ ಆ ಊರಿನಲ್ಲಿ ಸಿಗುವುದು ಕಷ್ಟ. ತೀರ್ಪು ಮೊದಲೇ ಹೇಳಿಬಿಡುವುದಾದರೆ: ಪೈಪುಗಳಿಗೆ ಗಾಳಿ ಊದಿಸಿ ಕೀಲಿಗಳಿಂದ ನುಡಿಸುವ ದೊಡ್ಡ ವಾದ್ಯವಾದ ಆರ್ಗನ್ನಿಗೆ ಐದಕ್ಕೆ ಐದು, ಗಾಯನವೃಂದಕ್ಕೂ ಹೆಚ್ಚುಕಡಿಮೆ ಅಷ್ಟೇ. ಸಭೆಯವರೆಲ್ಲ ಎದ್ದು ನಿಂತು ಹಾಡುವ ಸ್ತುತಿಗೀತೆಗೆ ಮಾತ್ರ ನೀವು ಎಲ್ಲಿ ಕೂತಿದ್ದೀರಿ ಎಂದು ಕೇಳಿಯೇ ಅಂಕ ಕೊಡಬೇಕು. ಗುಮ್ಮಟದ ಕೆಳಗೆ ಮುಂದಿನ ಸಾಲುಗಳಲ್ಲಿ ನಾಲ್ಕು, ಹಿಂದಿನ ಪಶ್ಚಿಮ ಬಾಗಿಲ ಹತ್ತಿರ ಎರಡು ಅಂಕ ಸಿಗುವುದೂ ಕಷ್ಟ.

ಕಾರಣ ಕಟ್ಟಡದ್ದೇ. ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ 1675ರಲ್ಲಿ ಕೆಲಸ ಶುರುಮಾಡಿದ ಈ ಕಟ್ಟಡದ ಉದ್ದ ಸುಮಾರು 158 ಮೀಟರ್. ಒಂದು ಸ್ವರ ನಿಲ್ಲಿಸಿದ ಮೇಲೆ ಅದರ ಗುಂಗು ಆರಲು ಎಂಟೊಂಬತ್ತು ಸೆಕೆಂಡು ಬೇಕು. ನಮ್ಮವರು ತಕ್ಷಣ ವಿಜಯಪುರದ ಗೋಳಗುಮ್ಮಟ ನೆನೆಯುತ್ತಾರೆ. ಎರಡರಲ್ಲೂ ಪಿಸುಮಾತಿನ ಗ್ಯಾಲರಿ ಇದೆ, ಅಗಲದಲ್ಲಿ ಗೋಳಗುಮ್ಮಟವೇ ದೊಡ್ಡದು. ಆದರೆ ಕಿವಿಗೆ ಎರಡೂ ಬೇರೆ. ಗೋಳಗುಮ್ಮಟದಲ್ಲಿ ಚಪ್ಪಾಳೆ ಬಿಡಿಬಿಡಿಯಾಗಿ ಮತ್ತೆ ಮತ್ತೆ ಮರಳಿ ಬರುತ್ತದೆ, ಎಣಿಸಬಹುದು. ಸೇಂಟ್ ಪಾಲ್ಸ್‌ನಲ್ಲಿ ಎಣಿಸಲು ಏನೂ ಸಿಗುವುದಿಲ್ಲ, ದನಿ ನೀರಿಗೆ ಬಿದ್ದ ಶಾಯಿಯ ಹಾಗೆ ಹರಡಿಕೊಳ್ಳುತ್ತದೆ. ನಿಧಾನವಾಗಿ ಸ್ವರಮೇಳ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾಗುವ ಸಂಗೀತಕ್ಕೆ ಇದು ವರ. ಜರ್ಮನ್ ಸಂಗೀತಕಾರ ಬಾಖ್‌ನ ವೇಗದ ಫ್ಯೂಗ್‌ಗೆ (ಒಂದೇ ರಾಗವನ್ನು ಹಲವು ಎಳೆಗಳು ಒಂದರ ಹಿಂದೊಂದು ಹಿಡಿಯುವ ರಚನೆ) ಶಾಪ: ನಾಲ್ಕು ಎಳೆಗಳೂ ಕಲಸಿ ಮುದ್ದೆಯಾಗುತ್ತವೆ. ಇಂಗ್ಲಿಷ್ ಸಂಗೀತಕಾರ ಹರ್ಬರ್ಟ್ ಹೋವೆಲ್ಸ್ 1951ರಲ್ಲಿ ಈ ಕೆಥೀಡ್ರಲಿಗೆಂದೇ ಬರೆದ ಸಂಜೆ ಪ್ರಾರ್ಥನೆಯ ಸಂಗೀತದಲ್ಲಿ ಸ್ವರಮೇಳಗಳು ಅಷ್ಟು ಸಾವಕಾಶವಾಗಿ ಹೊರಳುವುದು ಈ ಗುಂಗಿನ ಲೆಕ್ಕ ಇಟ್ಟುಕೊಂಡೇ. ಕೆಥೀಡ್ರಲಿನ ಸಂಗೀತದ ಪಟ್ಟಿಯಲ್ಲಿ ಅದು ಕಂಡ ದಿನ ಬೇರೆ ಕೆಲಸ ಬಿಟ್ಟು ಹೋಗಬಹುದು.

ಈಗ ಸಭೆಯ ಹಾಡು ಎಲ್ಲಿ ಎಡವುತ್ತದೆ ನೋಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗಾಯನವೃಂದ ಕೂರುವ ಜಾಗದಿಂದ ಪಶ್ಚಿಮ ಬಾಗಿಲಿಗೆ ಹತ್ತಿರ ಹತ್ತಿರ ನೂರು ಮೀಟರ್ ದೂರ. ಅಂದರೆ ಮುಂದೆ ಹುಟ್ಟಿದ ಸ್ವರ ಹಿಂದಿನವರ ಕಿವಿ ಮುಟ್ಟುವಾಗ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಕಳೆದಿರುತ್ತದೆ. ಅವರು ಕೇಳಿಸಿಕೊಂಡು ಹಾಡಿದ್ದು ಮುಂದಕ್ಕೆ ಮರಳಲು ಮತ್ತೆ ಅಷ್ಟೇ ಹೊತ್ತು. ನಿಮಿಷಕ್ಕೆ ನೂರು ಪೆಟ್ಟಿನ ಲಯದಲ್ಲಿ ಒಂದು ಪೆಟ್ಟಿಗೆ 0.6 ಸೆಕೆಂಡು. ಹೋಗಿ ಬರುವಷ್ಟರಲ್ಲಿ ಇಡೀ ಒಂದು ಪೆಟ್ಟು ಹಿಂದೆ ಬಿದ್ದಾಯಿತು! ಇದು ಹಾಡುವವರ ತಪ್ಪಲ್ಲ. ಆರ್ಗನ್ ನುಡಿಸುವವರು ಸಭೆಯ ದನಿ ಕೇಳಿಕೊಂಡು ಕಾಯುತ್ತ ಹೋದರೆ ಹಾಡು ಪದ್ಯದಿಂದ ಪದ್ಯಕ್ಕೆ ನಿಧಾನವಾಗುತ್ತ ಹೋಗುತ್ತದೆ. ಅದಕ್ಕೇ ದೊಡ್ಡ ಕೆಥೀಡ್ರಲಿನ ಆರ್ಗನಿಸ್ಟ್ ಸಭೆಗೆ ಕಿವಿಗೊಡದೆ, ಗಾಯನವೃಂದದ ನಿರ್ದೇಶಕರ ಕೈಯನ್ನು ಕ್ಯಾಮೆರಾ ಪರದೆಯಲ್ಲಿ ನೋಡಿಕೊಂಡು, ಲಯ ಬಿಡದೆ ನುಡಿಸಬೇಕು. ಕೇಳುವವರಿಗೆ ಇದು ಬಿಗುಮಾನ ಎನಿಸಬಹುದು, ಬೇರೆ ದಾರಿಯಿಲ್ಲ.

ಆರ್ಗನ್ನಿನ ಪೈಪುಗಳನ್ನು ಒಂದೇ ಕಡೆ ಇಡದೆ ಹಂಚಿರುವುದಕ್ಕೂ ಈ ದೂರಕ್ಕೂ ಸಂಬಂಧವಿದೆ. ಬರ್ನಾರ್ಡ್ ಸ್ಮಿತ್ 1690ರ ದಶಕದಲ್ಲಿ ಕಟ್ಟಿದ ಮೊದಲ ಆರ್ಗನ್, ಗಾಯನವೃಂದಕ್ಕೂ ಜನ ಕೂರುವ ಭಾಗಕ್ಕೂ ನಡುವಿನ ಅಡ್ಡತಡಿಕೆಯ ಮೇಲೆ ನಿಂತಿತ್ತು. ಆ ಪೆಟ್ಟಿಗೆಗೆ ಗ್ರಿನ್ಲಿಂಗ್ ಗಿಬ್ಬನ್ಸ್‌ನ ಕೆತ್ತನೆ. ರೆನ್‌ಗೆ ಅದು ತನ್ನ ಕಟ್ಟಡದ ನೋಟಕ್ಕೆ ಅಡ್ಡ ಎನಿಸಿ, ‘ಸೀಟಿಗಳ ಪೆಟ್ಟಿಗೆ’ ಎಂದು ಜರೆದನೆಂಬುದು ಹಳೆಯ ಕತೆ. ಹತ್ತೊಂಬತ್ತನೇ ಶತಮಾನದಲ್ಲಿ ತಡಿಕೆ ತೆಗೆದರು. 1872ರಲ್ಲಿ ಹೆನ್ರಿ ವಿಲ್ಲಿಸ್ ಆರ್ಗನ್ನನ್ನು ಎರಡಾಗಿ ಸೀಳಿ ಗಾಯನವೃಂದದ ಎಡಕ್ಕೊಂದು ಬಲಕ್ಕೊಂದು ಏರಿಸಿ, ನೆಲದಡಿ ಕೊಳವೆ ಹಾಯಿಸಿ ಗಾಳಿಯ ಒತ್ತಡದಿಂದಲೇ ಎರಡನ್ನೂ ಒಂದೇ ಕಡೆಯಿಂದ ನುಡಿಯುವಂತೆ ಮಾಡಿದ. 1970ರ ದಶಕದಲ್ಲಿ ನೋಯೆಲ್ ಮ್ಯಾಂಡರ್ ಅವರ ಸಂಸ್ಥೆ ಮರುಕಟ್ಟಿ 1977ರಲ್ಲಿ ಮುಗಿಸಿದ ರೂಪವೇ ಈಗಿನದು: ಐದು ಸಾಲು ಕೀಬೋರ್ಡ್, ಕಾಲಿಗೆ ಪೆಡಲ್, ನೂರಕ್ಕೂ ಹೆಚ್ಚು ಸ್ಟಾಪ್, ಏಳು ಸಾವಿರಕ್ಕೂ ಮಿಕ್ಕಿ ಪೈಪು.

ಸ್ಟಾಪ್ ಎಂದರೆ ನಮ್ಮ ಹಾರ್ಮೋನಿಯಂ ಮುಂದೆ ಎಳೆಯುವ ಗುಬುಟುಗಳ ದೊಡ್ಡಣ್ಣ ಎಂದುಕೊಳ್ಳಿ. ಒಂದೊಂದು ಎಳೆದಾಗ ಒಂದೊಂದು ಬಣ್ಣದ ಪೈಪುಗಳ ಸಾಲಿಗೆ ದಾರಿ ತೆರೆಯುತ್ತದೆ. ‘8 ಅಡಿ’ ಎಂದು ಬರೆದದ್ದು ಒತ್ತಿದ ಕೀಲಿಯ ಸ್ವರವನ್ನೇ ಕೊಡುತ್ತದೆ. 4 ಅಡಿಯದು ಒಂದು ಸ್ಥಾಯಿ ಮೇಲೆ, 2 ಅಡಿಯದು ಎರಡು ಸ್ಥಾಯಿ ಮೇಲೆ. 16 ಮತ್ತು 32 ಅಡಿಯವು ಕೆಳಕ್ಕೆ. 32 ಅಡಿಯ ಅತಿ ತಗ್ಗಿನ ಪೈಪು ಸೆಕೆಂಡಿಗೆ ಹದಿನಾರು ಸಲದಷ್ಟೇ ಕಂಪಿಸುವುದರಿಂದ ಅದನ್ನು ಕೇಳುವುದಕ್ಕಿಂತ ಕುರ್ಚಿಯ ಮೂಲಕ ತಿಳಿಯುವುದೇ ಹೆಚ್ಚು. ಸಭೆಯ ಹಾಡಿಗೆ ಆಸರೆ ಕೊಡುವುದು ಈ ಗುಡುಗಲ್ಲ, ಮೇಲಿನ 4 ಮತ್ತು 2 ಅಡಿಯ ಚುರುಕು ಸ್ವರಗಳು. ಗುಂಗಿನ ಕೆಸರನ್ನು ಸೀಳಿಕೊಂಡು ಬರುವುದು ಅವೇ. ಬರೀ 8 ಅಡಿಯನ್ನು ಎಷ್ಟು ಜೋರು ಮಾಡಿದರೂ ಹಿಂದಿನವರಿಗೆ ಲಯ ಸಿಗುವುದಿಲ್ಲ.

ಗುಮ್ಮಟದ ಮಗ್ಗುಲಲ್ಲಿ, ಮೇಲೆ ಕೂರಿಸಿದ ಪೈಪುಗಳ ಗುಂಪು ಈ ಕೆಲಸಕ್ಕೇ ಹೇಳಿಮಾಡಿಸಿದಂತಿದೆ. ಜನರ ನೆತ್ತಿಯ ಮೇಲಿಂದಲೇ ರಾಗ ಬರುವುದರಿಂದ ಕೆಳಗೆ ಕೂತವರಿಗೆ ತಡ ತೀರಾ ಕಡಿಮೆ. ಇಲ್ಲಿ ಕೂರಿ ಎನ್ನಲು ಮುಖ್ಯ ಕಾರಣ ಇದು. ಇದಲ್ಲದೆ ಪಶ್ಚಿಮ ಬಾಗಿಲ ಮೇಲೆ ‘ರಾಯಲ್ ಟ್ರಂಪೆಟ್’ ಪೈಪುಗಳಿವೆ. ವಿದ್ಯುತ್ ಸಂಕೇತ ಕ್ಷಣದಲ್ಲಿ ಅಲ್ಲಿಗೆ ಮುಟ್ಟುತ್ತದೆ, ದನಿ ಮಾತ್ರ ನಡೆದುಕೊಂಡೇ ಮುಂದಕ್ಕೆ ಬರಬೇಕು. ಹಾಗಾಗಿ ಅವು ಮೆರವಣಿಗೆಯ ಕಹಳೆಗೆ ಸರಿ, ಪದ್ಯ ನಡೆಸಲು ಹೊಂದುವುದಿಲ್ಲ. ಅವುಗಳ ಕೆಳಗೇ ಕೂತಿದ್ದರೆ ಎದೆ ಝಲ್ಲೆನ್ನುವಷ್ಟು ಜೋರು. ಸಣ್ಣ ಮಕ್ಕಳಿದ್ದರೆ ಆ ಜಾಗ ಬೇಡ.

ದೊಡ್ಡ ಹಬ್ಬದ ದಿನ ಬೇಸಿಗೆಯ ಸೆಕೆಯಲ್ಲಿ ಶ್ರುತಿ ಸ್ವಲ್ಪ ಹುಳಿಯಾಗಿ ಕೇಳಿಸಿದರೆ ಆಶ್ಚರ್ಯಪಡಬೇಕಿಲ್ಲ. ಕೊಳಲಿನಂತೆ ಊದುವ ಪೈಪುಗಳ ಶ್ರುತಿ ಗಾಳಿಯ ಬಿಸಿಗೆ ತಕ್ಕಂತೆ ಏರುತ್ತದೆ, ಐದು ಡಿಗ್ರಿ ಹೆಚ್ಚಿದರೆ 440 ಕಂಪನದ ಸ್ವರ ಹತ್ತಿರ ಹತ್ತಿರ 444 ಆಗುತ್ತದೆ. ಹಿತ್ತಾಳೆ ನಾಲಗೆಯ ರೀಡ್ ಪೈಪುಗಳು ನಿಂತಲ್ಲೇ ನಿಲ್ಲುತ್ತವೆ. ಎರಡೂ ಸೇರಿ ನುಡಿದಾಗ ಜಗಳ. ಚಳಿಗಾಲದ ಕಛೇರಿಯಲ್ಲಿ ಕೊಳಲಿನವರೂ ಹಾರ್ಮೋನಿಯಂನವರೂ ಪಡುವ ಪಾಡು ಇದೇ.

ಯಾವ ದಿನ ಹೋಗಬೇಕು? ಇಲ್ಲೇ ಹೆಚ್ಚು ಜನ ಮೋಸಹೋಗುವುದು. ವಾರದ ದಿನಗಳ ಸಂಜೆ ಪ್ರಾರ್ಥನೆ, ಅಲ್ಲಿನವರು ಈವನ್‌ಸಾಂಗ್ ಎನ್ನುವುದು, ಸಾಮಾನ್ಯವಾಗಿ 5 ಗಂಟೆಗೆ. ಮುಕ್ಕಾಲು ಗಂಟೆಯ ಆಸುಪಾಸು. ಅದರಲ್ಲಿ ಕೀರ್ತನೆ, ಬೈಬಲಿನ ಮರಿಯಳ ಗೀತೆ, ಸಿಮೆಯೋನನ ಗೀತೆ, ಆ್ಯಂಥೆಮ್ ಎಂಬ ವೃಂದಗೀತೆ ಎಲ್ಲವನ್ನೂ ಹಾಡುವವರು ಗಾಯನವೃಂದದವರೇ. ಸಭೆ ಕೇಳಬೇಕು, ಹೇಳಿದಾಗ ಏಳಬೇಕು, ಕೂರಬೇಕು. ಸ್ತುತಿಗೀತೆ ಕೆಲವೊಮ್ಮೆ ಒಂದಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಆರ್ಗನ್ನೇ ಇಲ್ಲದೆ ಬರಿದನಿಯಲ್ಲಿ ಹಾಡುವ ಸಂಜೆಗಳೂ ಉಂಟು. ಬಾಯಿ ತೆರೆದು ಹಾಡಲೇಬೇಕು ಎಂದಿದ್ದರೆ ಭಾನುವಾರ ಬೆಳಗಿನ ಆರಾಧನೆಗೋ ಮಧ್ಯಾಹ್ನದ ಈವನ್‌ಸಾಂಗಿಗೋ ಹೋಗಿ. ಕೆಥೀಡ್ರಲಿನ ಜಾಲತಾಣದಲ್ಲಿ ಸಂಗೀತದ ಪಟ್ಟಿ ಮೊದಲೇ ಹಾಕುತ್ತಾರೆ. ಸಮಯ, ಹಾಡುವ ವೃಂದ, ಆರ್ಗನ್ ಇದೆಯೋ ಇಲ್ಲವೋ ಎಲ್ಲ ಅದರಲ್ಲೇ ನೋಡಿಕೊಳ್ಳಬೇಕು. ಶಾಲೆಗೆ ರಜೆ ಬಂದಾಗ ಮಕ್ಕಳ ವೃಂದ ಇರುವುದಿಲ್ಲ, ಬೇರೆ ಊರಿನ ವೃಂದ ಬಂದು ಹಾಡುತ್ತದೆ. ಅವು ಕೆಟ್ಟವೇನಲ್ಲ, ಆದರೆ ಈ ಗುಂಗಿಗೆ ಪಳಗಿದವಲ್ಲ.

ಮೆಟ್ರೋದಲ್ಲಿ ಸೆಂಟ್ರಲ್ ಲೈನಿನ ಸೇಂಟ್ ಪಾಲ್ಸ್ ನಿಲ್ದಾಣದಲ್ಲಿ ಇಳಿದರೆ ಎರಡು ಮೂರು ನಿಮಿಷದ ನಡಿಗೆ. ಅರ್ಧ ಗಂಟೆ ಮೊದಲೇ ಬಾಗಿಲಲ್ಲಿದ್ದು ‘ಆರಾಧನೆಗೆ’ ಎಂದು ಹೇಳಿ. ಎಲ್ಲಿ ಕೂರಬೇಕೆಂದು ಅಲ್ಲಿನವರೇ ತೋರಿಸುತ್ತಾರೆ, ಆದರೂ ಮುಂದೆ ಜಾಗವಿದೆಯೇ ಎಂದು ಕೇಳಲು ಸಂಕೋಚ ಬೇಡ. ಆರಾಧನೆಯ ನಡುವೆ ಫೋಟೋ, ರೆಕಾರ್ಡಿಂಗ್ ಎರಡೂ ಇಲ್ಲ.

ಕೈಗೆ ಕೊಡುವ ಹಾಳೆಯಲ್ಲಿ ಸ್ತುತಿಗೀತೆಯ ಸಾಹಿತ್ಯವಿದ್ದರೂ ಸಾಮಾನ್ಯವಾಗಿ ರಾಗದ ಸ್ವರಲಿಪಿ ಇರುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ರಾಗದ ಹೆಸರಿದ್ದರೆ ಅದನ್ನು ನೋಡಿಕೊಂಡು ಮನೆಯಲ್ಲೇ ಕೇಳಿ ಹೋಗುವುದು ಜಾಣತನ. ಸ್ತುತಿಗೀತೆಯ ಪುಸ್ತಕಗಳಲ್ಲಿ ರಾಗದ ಹೆಸರಿನ ಪಕ್ಕ 8.7.8.7.8.7 ಎಂಬಂಥ ಅಂಕಿಗಳಿರುತ್ತವೆ. ಗಾಬರಿಯಾಗಬೇಡಿ, ಅದು ಸಾಲಿಗೆಷ್ಟು ಅಕ್ಷರ ಎಂಬ ಲೆಕ್ಕ, ನಮ್ಮ ಛಂದಸ್ಸಿಗೆ ಹೊಸದೇನಲ್ಲ. ಅಂಕಿ ಹೊಂದಿದರೆ ಒಂದರ ಸಾಹಿತ್ಯವನ್ನು ಇನ್ನೊಂದರ ರಾಗಕ್ಕೆ ಕೂರಿಸಬಹುದು. ಬಾಸೆಲ್ ಮಿಷನ್‌ನವರು ಜರ್ಮನ್ ಸ್ತುತಿಗೀತೆಗಳನ್ನು ಅದೇ ರಾಗಕ್ಕೆ ಕನ್ನಡಕ್ಕೆ ತಂದದ್ದೂ ಈ ಎಣಿಕೆಯ ಬಲದಿಂದ. ಮಂಗಳೂರು, ಧಾರವಾಡದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಹಾಡಿ ಬೆಳೆದವರಿಗೆ ಲಂಡನ್ನಿನಲ್ಲೂ ಕೆಲವು ರಾಗಗಳು ಹಳೆಯ ನೆಂಟರ ಹಾಗೆ ಎದುರಾಗುತ್ತವೆ.

ಮೇಲಿನ ಅಂಕಿಯ ರಾಗಗಳಲ್ಲಿ ಸೇಂಟ್ ಪಾಲ್ಸ್‌ನದೇ ಒಂದು ಇದೆ: ‘ಲಾಡಾ ಆನಿಮಾ’. ಸರ್ ಜಾನ್ ಗಾಸ್ ಇಲ್ಲಿ ಆರ್ಗನಿಸ್ಟ್ ಆಗಿದ್ದಾಗಲೇ, 1869ರಲ್ಲಿ ಪ್ರಕಟಿಸಿದ್ದು. ಗಾಸ್ ಪ್ರತಿ ಪದ್ಯಕ್ಕೂ ಬೇರೆ ಬೇರೆ ಸ್ವರಮೇಳ ಬರೆದಿದ್ದಾನೆ. ಪಟ್ಟಿಯಲ್ಲಿ ಅದಿದ್ದರೆ ಹಾಡುತ್ತಲೇ ಕೆಳಗಿನ ಸ್ವರಗಳಿಗೂ ಒಂದು ಕಿವಿ ಕೊಡಿ.

ಹಾಡುವ ಕ್ರಮ ಹೀಗೆ. ಆರ್ಗನ್ ಮೊದಲ ಸಾಲನ್ನೋ ಇಡೀ ರಾಗವನ್ನೋ ನುಡಿಸಿ ನಿಲ್ಲಿಸುತ್ತದೆ. ಆ ಬಿಡುವಿನಲ್ಲಿ ಉಸಿರು ಎಳೆದುಕೊಂಡು ಗಾಯನವೃಂದದ ಜೊತೆಗೇ ಎತ್ತಿಕೊಳ್ಳಬೇಕು. ಪಕ್ಕದವರು ಶುರುಮಾಡಲಿ ಎಂದು ಕಾದರೆ ಆಗಲೇ ಅರ್ಧ ಪೆಟ್ಟು ಹೋಯಿತು. ಸಾಲಿನ ಕೊನೆಯ ಸ್ವರವನ್ನು ಗುಂಗಿನ ಆಸೆಗೆ ಎಳೆಯಬೇಡಿ. ಆರ್ಗನ್ ಬಿಟ್ಟ ಕೂಡಲೇ ಬಿಡಿ, ಉಳಿದದ್ದನ್ನು ಗುಮ್ಮಟ ನೋಡಿಕೊಳ್ಳುತ್ತದೆ. ಗಮಕ, ಜಾರು ಯಾವುದೂ ಇಲ್ಲಿ ಬೇಡ, ಸ್ವರ ನೇರವಾಗಿ ನಿಲ್ಲಲಿ. ಕೊನೆಯ ಪದ್ಯದಲ್ಲಿ ಎಳೆಯ ದನಿಗಳು ಮೇಲೆ ಬೇರೊಂದು ರಾಗ ಹಿಡಿಯಬಹುದು, ಆರ್ಗನಿಸ್ಟ್ ಸ್ವರಮೇಳವನ್ನೇ ಬದಲಿಸಬಹುದು. ಮಂದ್ರದ ಪಾಲು ಹಾಡಿ ಅಭ್ಯಾಸವಿರುವವರು ಆಗ ಅದನ್ನು ಬಿಟ್ಟು ಮೂಲ ರಾಗಕ್ಕೆ ಬರಲೇಬೇಕು, ಇಲ್ಲವಾದರೆ ಅಪಸ್ವರ ಖಾತ್ರಿ.

ಆಶೀರ್ವಾದ ಮುಗಿದು ಗಾಯನವೃಂದ ಹೊರನಡೆದ ಮೇಲೆ ಆರ್ಗನ್ ಒಂಟಿಯಾಗಿ ನುಡಿಯುತ್ತದೆ. ಕುರ್ಚಿ ಸರಿಸುವ ಸದ್ದಿನ ನಡುವೆ ಹೆಚ್ಚಿನವರು ಎದ್ದು ಹೋಗುವುದು ಆಗಲೇ, ಹೋಗುವವರಿಗೆ ಆ ದಿನದ ಅತ್ಯುತ್ತಮ ಐದಾರು ನಿಮಿಷ ತಪ್ಪಿತು. 1837ರಲ್ಲಿ ಜರ್ಮನ್ ಸಂಗೀತಕಾರ ಮೆಂಡೆಲ್ಸನ್ ಇಲ್ಲಿ ಹೀಗೇ ಆರಾಧನೆಯ ನಂತರ ಬಾಖ್‌ನ ಫ್ಯೂಗ್ ನುಡಿಸುತ್ತಿದ್ದಾಗ ಜನ ಕದಲಲೇ ಇಲ್ಲ. ಮನೆಗೆ ಹೋಗುವ ಅವಸರದಲ್ಲಿದ್ದ ಸಿಬ್ಬಂದಿ ತಿದಿ ಒತ್ತುವವರನ್ನು ನಿಲ್ಲಿಸಿ, ಕೊನೆ ಮುಟ್ಟುವ ಮೊದಲೇ ಗಾಳಿ ಆರಿಹೋಯಿತು. ಈಗ ಗಾಳಿ ಕೊಡುವುದು ವಿದ್ಯುತ್ ಮೋಟಾರು. ಗುಮ್ಮಟದ ಕೆಳಗೆ ಕೂತೇ ಇರಿ, ಕೊನೆಯ ಸ್ವರ ನಿಂತ ಮೇಲೂ ಒಂಬತ್ತು ಎಣಿಸಿ ಏಳಿ.